ಗೆಳೆಯನ ಕಾರು ಗುದ್ದಿದಾಗ

ಗುದ್ದಿದವನು ಗುರುತಿಲ್ಲದವನಾಗಿದ್ದರೆ ಹಾಬ್ಬೊಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಆದರೆ ಗುದ್ದಿದವನು ಐಲರ್ಟ್. ಚಳಿಗಾಲದ ಭಾನುವಾರಗಳಲ್ಲಿ ಊರ ರಸ್ತೆಯುದ್ದಕ್ಕೂ ಭಾರದ ಚೆಂಡು ಉರುಳಿಸಿಕೊಂಡು ಹೋಗುವ ಆಟದಲ್ಲಿ ಇಬ್ಬರೂ ಒಂದೇ ತಂಡ.

ಅದು ಶನಿವಾರ. ಹಾಬ್ಬೊ ಮತ್ತು ಅವನ ಹೆಂಡತಿ ತೇಡಾ ಎಂಡನ್ ಪಟ್ಟಣದ ಸಂತೆ ಮುಗಿಸಿ ಮನೆಗೆ ಬರುತ್ತಿದ್ದರು. ಕಾಲುವೆ ಪಕ್ಕದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. ಬಲಗಡೆಯಿಂದ ಬಂದವನು ಹಾಬ್ಬೊ. ಬಿಡದೆ ನುಗ್ಗಿದವನು ಐಲರ್ಟ್. ದಡಾರನೆ ಸದ್ದಾಯಿತು. ಹಾಬ್ಬೊನ ಕಾರಿನ ಮುಂದಿನ ಎಡಗಾಲಿಯ ಮೇಲೆ ತಗಡು ಮುದುಡಿಕೊಂಡಿತು. ತೇಡಾಳ ಕತ್ತು ಒಮ್ಮೆ ಅತ್ತಿಂದಿತ್ತ ಹೊಯ್ದಾಡಿತು.

ಐಲರ್ಟ್ ಮುಖ ಬಿಳಿಚಿಕೊಂಡು ಇಳಿದು ಬಂದ. "ತಪ್ಪು ನಂದೇ ಕಣೋ. ಬಿಸಿಲು ಕಣ್ಣಿಗೆ ಹೊಡೀತು, ನೋಡ್ಲೇ ಇಲ್ಲ."

"ಹೋಗ್ಲಿ ಬಿಡೋ. ತಗಡು ತಾನೇ?" ಎಂದ ಹಾಬ್ಬೊ.

ತೇಡಾ ಕಾರಿನಿಂದ ಇಳಿದಳು. ಕಾರುಗಳನ್ನು ಪಕ್ಕಕ್ಕೆ ಸರಿಸುವ ಮೊದಲು ಫೋನ್ ತೆಗೆದು ನಾಲ್ಕೂ ಕಡೆಯಿಂದ ಫೋಟೋ ತೆಗೆದಳು. ಹಿಂದೆ ನಿಂತಿದ್ದ ಹಾಲಿನ ಲಾರಿಯ ಚಾಲಕನ ಹೆಸರು, ಫೋನ್ ನಂಬರ್ ಕೇಳಿ ಬರೆದುಕೊಂಡಳು.

"ಏನೇ ಇದು, ಮದುವೆ ಫೋಟೋನಾ? ಅವನು ನಮ್ಮ ಐಲರ್ಟ್ ಕಣೇ!" ಎಂದು ಹಾಬ್ಬೊ ಗೊಣಗಿದ.

"ಐಲರ್ಟ್ ನಮ್ಮವನೇ. ಅವನ ವಿಮೆ ಕಂಪನಿ ನಮ್ಮದಾ?" ಎಂದಳು ತೇಡಾ.

ಸೋಮವಾರ ಆ ಕಂಪನಿಯಿಂದಲೇ ಫೋನ್ ಬಂತು. ಜೇನು ಸವರಿದಂಥ ದನಿಯ ಒಬ್ಬ ಹೆಣ್ಣುಮಗಳು. "ನೀವು ಏನೂ ಓಡಾಡ್ಬೇಕಾಗಿಲ್ಲ ಸರ್. ನಮ್ಮವರೇ ಬಂದು ಕಾರು ನೋಡ್ತಾರೆ. ನಮ್ಮ ಗ್ಯಾರೇಜಲ್ಲೇ ರಿಪೇರಿ. ನಿಮ್ಮ ಮನೆಯವರಿಗೆ ಆದ ನೋವಿಗೂ ಸ್ವಲ್ಪ ಹಣ ಕಳಿಸ್ತೀವಿ. ಒಂದು ಕಾಗದ ಬರುತ್ತೆ, ಸಹಿ ಹಾಕಿ ಕಳಿಸಿದ್ರೆ ಮುಗೀತು."

ಹಾಬ್ಬೊ ನಿಟ್ಟುಸಿರು ಬಿಟ್ಟ. ಜಗಳವಿಲ್ಲ, ತಂಟೆಯಿಲ್ಲ. ಇನ್ನೇನು ಬೇಕು?

ಕಾಗದ ಬಂದ ದಿನ ತೇಡಾ ಚರ್ಚಿನಿಂದ ಬೇಗ ಬಂದುಬಿಟ್ಟಳು. ಊರ ಚರ್ಚಿನ ಹಳೆಯ ಆರ್ಗನ್ ನುಡಿಸುವವಳು ಅವಳೇ. ಅಭ್ಯಾಸಕ್ಕೆ ಕೂತರೆ ಮನೆ ಮಠ ಮರೆಯುವವಳು. ಅಂದು ಕೋಟು ಕೂಡ ಬಿಚ್ಚದೆ ಅಡುಗೆಮನೆಯ ಕುರ್ಚಿಯಲ್ಲಿ ಕೂತು ಎಡಗೈ ಬೆರಳು ತಿಕ್ಕಿಕೊಳ್ಳುತ್ತಿದ್ದಳು.

"ಏನಾಯ್ತೇ?"

"ಈ ಎರಡು ಬೆರಳು ಜುಮ್ಮಂತಿವೆ. ಒತ್ತಿದ್ದು ಗೊತ್ತಾಗ್ತಾನೇ ಇಲ್ಲ. ಕತ್ತಿಂದ ಇಳಿದು ಬಂದ ಹಾಗಿದೆ."

"ರಾತ್ರಿ ವಾರೆ ಮಲಗಿರ್ತೀಯ. ಬಿಸಿನೀರು ಕಾಯಿಸ್ಲಾ?" ಎಂದ ಹಾಬ್ಬೊ.

ಅಷ್ಟರಲ್ಲಿ ಪಕ್ಕದ ಮನೆಯ ಗೇಶೆ ಹಿಂಬಾಗಿಲಿಂದ ಬಂದಳು. ಲೇರ್ ಪಟ್ಟಣದ ಒಬ್ಬ ವಕೀಲರ ಕಚೇರಿಯಲ್ಲಿ ಅಪಘಾತದ ಕೇಸುಗಳನ್ನೇ ನೋಡಿಕೊಂಡು ನಿವೃತ್ತಳಾದವಳು. "ಮೊಯಿನ್!" ಎಂದು ಆ ಕಡೆಯ ನಮಸ್ಕಾರ ಹೇಳಿ ಕೂತಳು. ಹಾಬ್ಬೊ ಬಟ್ಟಲಿಗೆ ಕಲ್ಲುಸಕ್ಕರೆ ಹಾಕಿ ಚಹಾ ಬಗ್ಗಿಸಿದ, ಅಂಚಿನಿಂದ ಕೆನೆ ಬಿಟ್ಟ. ಮೇಜಿನ ಮೇಲಿದ್ದ ಕಾಗದವನ್ನು ಗೇಶೆ ಕೇಳಿ ಎತ್ತಿಕೊಂಡಳು. ಓದುತ್ತಾ ಹೋದಂತೆ ಅವಳ ಹುಬ್ಬು ಮೇಲೇರಿತು.

"ಸಹಿ ಹಾಕಿಲ್ಲ ತಾನೇ?"

"ಈಗ ಹಾಕೋಣ ಅಂತಿದ್ದೆ."

"ಪೆನ್ನು ಒಳಗಿಡು. ಇಲ್ಲಿ ಏನು ಬರೆದಿದೆ ನೋಡು. ಈ ಹಣ ತಗೊಂಡ್ರೆ, ಇವತ್ತಿನದಷ್ಟೇ ಅಲ್ಲ, ಮುಂದೆ ಬರೋ ತೊಂದರೆಗೂ ನೀವು ಏನೂ ಕೇಳೋ ಹಾಗಿಲ್ಲ. ತೇಡಾ ಬೆರಳು ನಾಳೆ ಏನಾಗುತ್ತೆ ಅಂತ ನಿಂಗೊತ್ತಾ?"

ಹಾಬ್ಬೊ ಹೆಂಡತಿಯ ಕೈ ನೋಡಿದ.

"ಡಾಕ್ಟರ ಹತ್ರ ಹೋದ್ಯಾ?" ಎಂದು ಗೇಶೆ ಕೇಳಿದಳು.

"ಇಷ್ಟಕ್ಕೆಲ್ಲಾ ಯಾಕೆ ಅಂತ..." ಎಂದಳು ತೇಡಾ.

"ನಾಳೆ ಬೆಳಿಗ್ಗೆ ಮೊದಲ ಕೆಲಸ ಅದೇ. ತಡ ಮಾಡಿದಷ್ಟೂ ಇದು ಅಪಘಾತದ ನೋವಲ್ಲ, ತೋಟ ಅಗೆದು ಬಂದಿದ್ದು ಅಂತಾರೆ ಕಂಪನಿಯವರು. ಇನ್ನು ಕಾರು. ನೋಡೋಕೆ ಅವರ ಮನುಷ್ಯನೇ ಬರ್ಬೇಕು ಅಂತ ಇಲ್ಲ. ಸ್ವತಂತ್ರ ಪರಿಶೀಲಕನನ್ನ ನೀನೇ ಕರೆಸು. ವಕೀಲರನ್ನೂ ಇಟ್ಕೋ. ತಪ್ಪು ಪೂರ್ತಿ ಆ ಕಡೆಯದಾದ್ರೆ ಆ ಖರ್ಚೂ ಅವರದೇ. ಬರೀ ಗೀರು ಬಿದ್ದಿದ್ರೆ ಪರಿಶೀಲಕ ಬೇಕಾಗ್ತಿರಲಿಲ್ಲ. ನಿನ್ನ ಕಾರಿನ ಗಾಲಿಯೇ ಸೊಟ್ಟಗಿದೆ."

"ವಕೀಲರಾ!" ಹಾಬ್ಬೊ ಬಟ್ಟಲನ್ನು ಟಕ್ಕನೆ ಇಟ್ಟ. "ಐಲರ್ಟ್ ಮೇಲೆ ವಕೀಲರನ್ನ ಬಿಡ್ಲಾ? ನಾಳೆ ಊರಲ್ಲಿ ಯಾವ ಮುಖ ಇಟ್ಕೊಂಡು ಓಡಾಡ್ಲಿ? ಪಾಪ, ಅವನ ವಿಮೆ ಕಂತು ಜಾಸ್ತಿ ಆಗುತ್ತೆ. ನಾವು ಕಮ್ಮಿ ಕೇಳಿದ್ರೆ ಅವನಿಗೂ ಹಗುರ."

ಗೇಶೆ ನಕ್ಕಳು. "ಅಲ್ಲೇ ಎಲ್ಲರೂ ಎಡವೋದು. ಅವನ ಕಂತು ಏರೋದು ಅಪಘಾತ ಆಯ್ತಲ್ಲ, ಅದಕ್ಕೆ. ಕಂಪನಿ ನಿಮಗೆ ಎಷ್ಟು ಕೊಡ್ತು ಅಂತ ನೋಡಿ ಅಲ್ಲ. ನೀನು ಅರ್ಧ ಬಿಟ್ಟುಕೊಟ್ರೆ ಐಲರ್ಟ್‌ಗೆ ಒಂದು ಬಿಡಿಕಾಸೂ ಉಳಿಯಲ್ಲ ಮಾರಾಯ. ಉಳಿಯೋದು ಕಂಪನಿಗೆ."

ಹಾಬ್ಬೊ ಪೆನ್ನು ಒಳಗಿಟ್ಟ. ಗೆಳೆಯನಿಗೆ ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ. ಗೆಳೆಯನಿಗೆ ಅದು ಮುಟ್ಟುವುದೇ ಇಲ್ಲ. ಹೆಂಡತಿಯ ಕೈಯೊಂದು ಹೋಗುತ್ತದೆ, ಅಷ್ಟೇ.

ಮರುದಿನ ಡಾಕ್ಟರು ತೇಡಾಳ ಕತ್ತಿನ ನರ ಒತ್ತಿಕೊಂಡಿದೆ ಎಂದರು, ಕತ್ತಿಗೆ ಪಟ್ಟಿ ಹಾಕಿದರು, ಎಲ್ಲವನ್ನೂ ಬರೆದುಕೊಟ್ಟರು. ಪರಿಶೀಲಕ ಬಂದು ಕಾರನ್ನು ಮೇಲೆತ್ತಿಸಿದ. ಹೊರಗೆ ಕಾಣುವ ತಗಡು ಸಣ್ಣದು, ಒಳಗೆ ಗಾಲಿ ಹಿಡಿದಿಡುವ ಕಬ್ಬಿಣವೇ ಬಾಗಿತ್ತು. "ಮೇಲೆ ಬಣ್ಣ ಬಳಿದು ಓಡಿಸಿದ್ರೆ ಎಲ್ಲೋ ಒಂದು ಕಡೆ ಗಾಲಿ ಕೈ ಕೊಡ್ತಿತ್ತು," ಎಂದ.

ಆ ವಾರವೇ ಐಲರ್ಟ್ ಬಂದ. ಟೋಪಿಯನ್ನೂ ತೆಗೆಯಲಿಲ್ಲ.

"ನನ್ನ ಮೇಲೆ ಕೇಸ್ ಹಾಕಿದ್ದೀಯಂತೆ! ಬೇಕರಿಯಲ್ಲಿ ಜನ ಆಡ್ಕೊಳ್ತಿದ್ದಾರೆ. ತಪ್ಪು ನಂದು ಅಂತ ಅಲ್ಲೇ ಒಪ್ಕೊಂಡಿದ್ನಲ್ಲೋ!"

ಇದಕ್ಕೇ ಹಾಬ್ಬೊ ಹೆದರಿದ್ದು. ಆದರೂ ಕುರ್ಚಿ ಎಳೆದು, "ಕೂತ್ಕೋ. ನಿನ್ನ ಮೇಲೆ ಏನೂ ಹಾಕಿಲ್ಲ. ವಕೀಲರ ಪತ್ರ ಹೋಗಿದ್ದು ನಿನ್ನ ಕಂಪನಿಗೆ," ಎಂದ. ಗೇಶೆ ಹೇಳಿದ್ದನ್ನು ತಡವರಿಸುತ್ತಾ ತಾನೇ ಬಿಡಿಸಿ ಹೇಳಿದ. ಕಂತಿನ ವಿಷಯ ಎರಡು ಸಲ ಹೇಳಬೇಕಾಯಿತು.

ಐಲರ್ಟ್ ತೇಡಾಳ ಕತ್ತಿನ ಪಟ್ಟಿ ನೋಡಿದ. ಟೋಪಿ ತೆಗೆದ. "ಇಷ್ಟು ನೋವಿದೆ ಅಂತ ನಂಗ್ಯಾರೂ ಹೇಳ್ಲೇ ಇಲ್ವಲ್ಲ ತೇಡಾ. ನಾನು ಇಷ್ಟು ವರ್ಷ ಕಂತು ಕಟ್ಟಿದ್ದು ಮತ್ತೆ ಯಾವ ಸುಖಕ್ಕೆ? ಕೇಳಿ, ಪೂರ್ತಿ ಕೇಳಿ."

ಕಂಪನಿ ಸುಲಭಕ್ಕೆ ಒಪ್ಪಲಿಲ್ಲ. ಹಾಬ್ಬೊ ಜೋರಾಗಿ ಬಂದಿರಬಹುದು, ತಪ್ಪಿನಲ್ಲಿ ಅವನದೂ ಪಾಲಿದೆ ಎಂದು ಬರೆಯಿತು. ತೇಡಾ ತೆಗೆದ ಫೋಟೋಗಳು ಹೋದವು, ಹಾಲಿನ ಲಾರಿಯವನ ಮಾತು ಹೋಯಿತು, ತಪ್ಪು ತನ್ನದೇ ಎಂದು ಐಲರ್ಟ್ ಕೂಡ ತಾನಾಗಿ ಬರೆದು ಕಳಿಸಿದ. ಆಮೇಲೆ ಪತ್ರಗಳ ದನಿ ಬದಲಾಯಿತು. ರಿಪೇರಿ, ಅಷ್ಟು ದಿನದ ಬಾಡಿಗೆ ಕಾರು, ಕತ್ತಿನ ಚಿಕಿತ್ಸೆಯ ಓಡಾಟ, ವಕೀಲರು, ಪರಿಶೀಲಕ, ಎಲ್ಲಕ್ಕೂ ಬಂತು. ತೇಡಾ ಮಾಡಲಾಗದ ಮನೆಗೆಲಸಕ್ಕೂ ಇಷ್ಟು ಎಂದು ಲೆಕ್ಕ ಹಾಕಿದ್ದರು.

"ಅದು ನಂಗೆ ಬರ್ಬೇಕಲ್ವಾ? ಆಲೂಗಡ್ಡೆ ಸುಲಿದವನು ನಾನು," ಎಂದ ಹಾಬ್ಬೊ.

"ಸುಲಿದಿದ್ದಲ್ಲ, ಕೆತ್ತಿದ್ದು," ಎಂದಳು ತೇಡಾ.

ನೋವಿನ ಪರಿಹಾರ ಮಾತ್ರ ಕೇಳಿದ್ದಕ್ಕಿಂತ ಕಡಿಮೆಯೇ ಬಂತು, ಅದೂ ತಡವಾಗಿ. ಬೆರಳು ಒಂದು ಸರಿಹೋಯಿತು, ಇನ್ನೊಂದರ ಜುಮ್ಮು ಪೂರ್ತಿ ಹೋಗಿಲ್ಲ. ಆದರೆ ಮುಂದಿನ ಚಿಕಿತ್ಸೆಯ ಬಾಗಿಲು ತೆರೆದೇ ಇದೆ, ಏಕೆಂದರೆ ಆ ಮೊದಲ ಕಾಗದಕ್ಕೆ ಸಹಿ ಬೀಳಲಿಲ್ಲ. ಕ್ರಿಸ್‌ಮಸ್‌ಗೆ ತೇಡಾ ಮತ್ತೆ ಆರ್ಗನ್ ಮುಂದೆ ಕೂತಳು. ನಿಧಾನದ ಹಾಡುಗಳನ್ನಷ್ಟೇ ನುಡಿಸಿದಳು. ಹಾಬ್ಬೊ, ಐಲರ್ಟ್ ಒಂದೇ ಬೆಂಚಿನಲ್ಲಿ ಕೂತು ಹಾಡಿದರು, ಇಬ್ಬರೂ ಶ್ರುತಿ ಬಿಟ್ಟು.

ಓದುತ್ತಿರುವ ಅಕ್ಕ, ಅಣ್ಣ, ಇಂಥದ್ದು ನಿಮಗೆ ಆಗದಿರಲಿ. ಆದರೆ, ಗಾಬರಿಯಲ್ಲೂ ಫೋಟೋ ತೆಗೆಯಿರಿ, ಕಂಡವರ ಹೆಸರು ಕೇಳಿಟ್ಟುಕೊಳ್ಳಿ. ನೋವು ಸಣ್ಣದೆನಿಸಿದರೂ ಡಾಕ್ಟರಿಗೆ ತೋರಿಸಿ. ನಿಯಮ ಒಂದೊಂದು ಕಡೆ ಒಂದೊಂದು ಥರ, ಅದಕ್ಕೇ ಬಲ್ಲವರೊಬ್ಬರನ್ನು ಕೇಳುವ ತನಕ "ಎಲ್ಲಾ ಮುಗೀತು" ಎನ್ನುವ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಗುದ್ದಿದವರು ನೆಂಟರೋ ಗೆಳೆಯರೋ ಆಗಿದ್ದರೆ ಎದುರಿಗೆ ಕೂರಿಸಿಕೊಂಡು ಮೊದಲೇ ಹೇಳಿಬಿಡಿ. ನೀವು ಕೇಳುತ್ತಿರುವುದು ಅವರ ಜೇಬಿನಿಂದಲ್ಲ, ಇಂಥ ದಿನಕ್ಕೆಂದೇ ಅವರು ಕಂತು ಕಟ್ಟಿಟ್ಟ ಕಡೆಯಿಂದ. ಸಂಕೋಚಪಟ್ಟು ಬಿಟ್ಟುಕೊಡುವಾಗ ಒಮ್ಮೆ ಯೋಚಿಸಿ: ನೋವು ತಿನ್ನುವವರು ಯಾರು?