ಸಿನಿಮಾದಲ್ಲಿ ಇಲ್ಲದ ಮಾತು

"'ಕದ್ದ ಕೈಗೆ ಬೀಗದ ಕೈ ಕೊಟ್ಟು ನೋಡ್ರಿ ಸಾವ್ಕಾರ್ರೇ, ಆಮ್ಯಾಲೆ ಮಾತಾಡ್ರಿ' ಅಂದೆ. ಅಷ್ಟ! ಮರುದಿನ ಮಿಲ್ಲಿನ ಬೀಗದ ಕೈ ನನ್ನ ಸೊಂಟದಾಗ."

ಸಿರುಗುಪ್ಪದ ಅಕ್ಕಿ ಮಿಲ್ಲಿನ ಗೇಟಿಗೆ ಒರಗಿ ರಾಮಾಂಜಿನಿ ಲಾರಿ ಡ್ರೈವರುಗಳಿಗೆ ತನ್ನ ಕಥೆ ಹೇಳುತ್ತಿದ್ದ. ಅವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ರಸ್ತೆಯ ಈಚೆ ಚಹದಂಗಡಿಯ ಬೆಂಚಿನಲ್ಲಿ ಕೂತಿದ್ದ ದುರುಗಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಅಯ್ಯೋ ನಿನ್ನ, ಆ ಮಾತು ನಿಮ್ಮಪ್ಪ ಹೇಳಿದ್ದೇನೋ? ಅದು ನನ್ನದು!

ಆ ಮಾತು ದುರುಗಪ್ಪನದೇ, ಸುಳ್ಳಲ್ಲ. ಇಬ್ಬರೂ ಕೂಡಿ ಕದಿಯುತ್ತಿದ್ದ ಕಾಲದಲ್ಲಿ ಒಂದು ಬೇಸಿಗೆ ಬಳ್ಳಾರಿಯ ಟಾಕೀಸಿಗೆ ಹೋಗಿದ್ದರು. ತೆಲುಗು ಪಿಕ್ಚರ್ ಅಂದುಕೊಂಡು ಒಳಗೆ ಹೋದರೆ ತೆರೆಯ ಮೇಲೆ ಶುದ್ಧ ತಮಿಳು. ಇಬ್ಬರು ಚಿಲ್ಲರೆ ಕಳ್ಳರು ಸುಧಾರಿಸಬೇಕೆಂದು ಒದ್ದಾಡುವ ಕಥೆ. ರಾಮಾಂಜಿನಿಗೆ ತಮಿಳಿನ ಗಂಧಗಾಳಿ ಇಲ್ಲ. ದುರುಗಪ್ಪ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ದುಡಿದವನು, ಹಾಗಾಗಿ ಕಿವಿಯಲ್ಲಿ ಪಿಸುಗುಟ್ಟುತ್ತಾ ಕಥೆಯನ್ನೆಲ್ಲ ಹೇಳಿದ್ದ. ಕೊನೆಯಲ್ಲಿ ನಾಯಕ ಅಳುತ್ತಾ ಏನೋ ಗಡಗಡನೆ ಅಂದುಬಿಟ್ಟ. ಅದು ದುರುಗಪ್ಪನಿಗೂ ತಿಳಿಯಲಿಲ್ಲ. "ಏನಂದ್ನಲೇ, ಏನಂದ್ನಲೇ?" ಎಂದು ರಾಮಾಂಜಿನಿ ತೊಡೆ ಜಿಗುಟಿದ. ಮಾನ ಉಳಿಯಬೇಕಲ್ಲ, ದುರುಗಪ್ಪ ಬಾಯಿಗೆ ಬಂದ ಈ ಬೀಗದ ಕೈ ಮಾತನ್ನು ಕಟ್ಟಿ ಹೇಳಿದ. ಪಕ್ಕದಲ್ಲಿ ರಾಮಾಂಜಿನಿ ಹೆಗಲ ಮೇಲಿನ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಆಮೇಲೆ ಇಬ್ಬರೂ ಕಳ್ಳತನ ಬಿಟ್ಟರು. ಬಿಟ್ಟದ್ದು ಇಬ್ಬರು, ಹೆಸರು ಬಂದದ್ದು ಒಬ್ಬನಿಗೆ. ರಾಮಾಂಜಿನಿ ನೇರ ಮಿಲ್ಲಿನ ಸಾವ್ಕಾರರ ಮುಂದೆ ನಿಂತು ಆ ಮಾತು ಒಗೆದ, ಕಾವಲುಗಾರನಾದ. ಮಾತಾಡಲು ನಾಚಿದ ದುರುಗಪ್ಪ ಅದೇ ಮಿಲ್ಲಿನಲ್ಲಿ ಹಮಾಲಿಗೆ ನಿಂತ. ಅವನು ಗೇಟು ದಾಟುವಾಗಲೆಲ್ಲ ಗುಮಾಸ್ತ ಟವೆಲ್ ಕೊಡವಿಸಿ ನೋಡುತ್ತಿದ್ದ. ಕುರುಗೋಡಿನ ಅತ್ತೆಮನೆಗೆ ಹೋದರೆ ಅಲ್ಲೂ ಮಾವ, "ಮನ್ಷಾ ಅಂದ್ರ ರಾಮಾಂಜಿನಿ ನೋಡಪ್ಪ, ಹೆಂಗ ಬದಲಾದ!" ಅನ್ನುತ್ತಿದ್ದ. ಗೆದ್ದಲು ಕಟ್ಟಿದ ಹುತ್ತ ಹಾವಿಗೆ ಮನೆಯಾಯಿತು ಅಂತಾರಲ್ಲ, ಹಾಗೆ. ಹೆಂಡತಿ ಸುಂಕಮ್ಮ ಕೂಡ ರಾಮಾಂಜಿನಿಯ ಹೆಸರೆತ್ತುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅದನ್ನು ಕಂಡ ದಿನ ದುರುಗಪ್ಪನಿಗೆ ಊಟ ಸೇರಲಿಲ್ಲ.

ರಾಮಾಂಜಿನಿಯ ಸೊಂಟದಿಂದ ಆ ಬೀಗದ ಕೈ ಬೀಳಬೇಕು. ದುರುಗಪ್ಪನಿಗೆ ಬೇಕಾದದ್ದು ಇಷ್ಟೇ.

ಒಂದು ಮಧ್ಯಾಹ್ನ ರಾಮಾಂಜಿನಿ ಊಟಕ್ಕೆ ಹೋದ. ಗುಮಾಸ್ತ ಕುರ್ಚಿಯಲ್ಲೇ ತೂಕಡಿಸುತ್ತಿದ್ದ. ಹಗಲು ತೆರೆದೇ ಇರುವ ಹಿಂದಿನ ಗೋಡೌನಿನಲ್ಲಿ ಒಂದರ ಮೇಲೊಂದು ಪೇರಿಸಿದ ಅಕ್ಕಿ ಚೀಲಗಳ ಥಪ್ಪಿ. ದುರುಗಪ್ಪ ದಬ್ಬಣ ತೆಗೆದು ಮೇಲಿನ ಒಂದೆರಡು ಚೀಲಗಳ ಬಾಯಿ ಬಿಚ್ಚಿದ, ಒಂದಿಷ್ಟು ಅಕ್ಕಿ ಸುರುವಿಕೊಂಡ, ಹಿಂದಿನ ಕಾಲುವೆ ದಾರಿಯಿಂದ ಮನೆಗೆ ಹೊತ್ತ. ಹಳೆಯ ಕೆಲಸ, ಕೈ ಮರೆತಿರಲಿಲ್ಲ. ಸಂಜೆಗೆ ಗದ್ದಲವೇಳುತ್ತದೆ, ಕಳ್ಳನ ಕೈಗೆ ಬೀಗ ಕೊಟ್ಟದ್ದು ತಪ್ಪಾಯಿತು ಅಂತ ಸಾವ್ಕಾರರು ಹಣೆ ಬಡಿದುಕೊಳ್ಳುತ್ತಾರೆ ಎಂದು ಕಾದ.

ಸಂಜೆಯಾಯಿತು, ಗದ್ದಲವಿಲ್ಲ. ಮರುದಿನವೂ ರಾಮಾಂಜಿನಿ ಗೇಟಿನಲ್ಲಿ ಅದೇ ಕಥೆ ಹೇಳುತ್ತಾ ನಿಂತಿದ್ದ. ಇದೇನು ಮಾಯ! ದುರುಗಪ್ಪ ಚೀಲ ಹೊರುವ ನೆಪದಲ್ಲಿ ಗೋಡೌನಿಗೆ ಹೋಗಿ ನೋಡಿದ. ಚೀಲಗಳ ಬಾಯಿ ಸುತಳಿಯಲ್ಲಿ ನೀಟಾಗಿ ಹೊಲಿದಿತ್ತು. ಒತ್ತೊತ್ತಾದ ಹೊಲಿಗೆ, ಕೊನೆಯಲ್ಲಿ ಒಳಗೆ ಸೇರಿಸಿದ ಗಂಟು. ಅವನದೇ ಹೊಲಿಗೆ. ಕದ್ದ ಮೇಲೆ ಗೊತ್ತಾಗದಂತೆ ಹೊಲಿದುಬಿಡುವುದು ಅವರ ಹಳೆಯ ಪದ್ಧತಿ. ರಾಮಾಂಜಿನಿ ಕಾಯುತ್ತಿದ್ದ, ಇವನು ಹೊಲಿಯುತ್ತಿದ್ದ. ಕದ್ದದ್ದು ಊರಿಗೆಲ್ಲ ಕಾಣಲಿ ಎಂದು ಬಂದ ದಿನವೂ ಹಾಳು ಕೈ ತನ್ನ ಪಾಡಿಗೆ ತಾನು ಹೊಲಿದು ಮುಗಿಸಿತ್ತು. ದುರುಗಪ್ಪ ಆ ಕೈಯನ್ನೇ ಎತ್ತಿ ಚೀಲಕ್ಕೆ ಬಡಿದ.

ಅಮಾವಾಸ್ಯೆಯ ದಿನ ಮಿಲ್ಲಿಗೆ ರಜೆ. ಹೊತ್ತೇರುತ್ತಲೇ ರಾಮಾಂಜಿನಿ ದುರುಗಪ್ಪನ ಮನೆಗೆ ಬಂದ.

"ಬಾ ಅಣ್ಣಾ, ಉಣ್ಣು ಬಾ" ಎಂದು ಸುಂಕಮ್ಮ ತಾಟಿಟ್ಟು ಬಿಸಿ ಅನ್ನ ಬಡಿಸಿದಳು.

ರಾಮಾಂಜಿನಿ ಅನ್ನ ನೋಡಿದ. ಮುಟ್ಟಲಿಲ್ಲ. "ಹೊಟ್ಟಿ ತುಂಬೇತಿ ತಂಗಿ, ಸಿಟ್ಟಾಗಬ್ಯಾಡ" ಅಂದ. ಅವಳು ನೀರು ತರಲು ಹೊರಗೆ ಹೋದ ಮೇಲೆ ದನಿ ತಗ್ಗಿಸಿದ. "ಹೊಲಿಗಿ ಇನ್ನೂ ಹಂಗ ಐತಿ ನಿಂದು. ಯಾರಿಗೂ ಕಂಡಿಲ್ಲ, ನನಗ ಕಂಡ್ತು. ಅಕ್ಕಿ ಕಮ್ಮಿ ಆಗೇತಿ, ನನ್ನ ಕಾವಲಿನ್ಯಾಗ ಹೋಗೇತಿ ಅಂತ ಸಾವ್ಕಾರ್ರಿಗೆ ಹೇಳಿ ಬೀಗದ ಕೈ ಮುಂದಿಟ್ಟೆ."

ದುರುಗಪ್ಪ ಮುಂದಕ್ಕೆ ಬಾಗಿದ. "ತಗಂಡ್ರೇನು?"

"ಇಲ್ಲಲೇ. ನೀನಾಗೇ ಬಂದು ಹೇಳಿದಿ, ಇನ್ನ ನಂಬಿಕಿ ಹೆಚ್ಚಾತು ಅಂದ್ರು. ನಿನ್ನ ಹೆಸರು ಹೇಳಿಲ್ಲ."

ಹೆಚ್ಚಾಯಿತಂತೆ! ಕದ್ದವನು ತಾನು, ಒಳ್ಳೆಯವನಾದವನು ಮತ್ತೆ ಅವನೇ. ದುರುಗಪ್ಪನಿಗೆ ತಡೆಯಲಾಗಲಿಲ್ಲ.

"ಊರ ಮುಂದೆಲ್ಲ ಮೆರೀತೀಯಲ್ಲ, ಆ ಮಾತು ಪಿಚ್ಚರ್‌ನಾಗ ಇಲ್ಲಲೇ! ನಾ ಕಟ್ಟಿ ಹೇಳಿದ್ದು! ನನ್ನ ಸುಳ್ಳಿನ ಮ್ಯಾಲೆ ನಿಂತೀದಿ ನೀನು."

ಮುಖ ಬಾಡುತ್ತದೆ ಎಂದು ಕಣ್ಣಿಟ್ಟು ನೋಡಿದ. ರಾಮಾಂಜಿನಿ ತಲೆ ಕೆರೆದುಕೊಂಡ.

"ಗೊತ್ತು. ಆಮ್ಯಾಲೆ ಅದನ್ನ ಮೊಬೈಲ್‌ನಾಗ ತೆಲುಗಿನ್ಯಾಗ ನೋಡಿದೆ. ಅವ ಏನೋ ತಾಯಿನ ನೆನಸ್ಕೊಂಡು ಅಳ್ತಾನ, ಅಷ್ಟ. ಅದಕ್ಕಿಂತ ನಿಂದ ಚಲೋ ಇತ್ತು, ಇಟ್ಕಂಡೆ." ತಾಟು ಪಕ್ಕಕ್ಕೆ ಸರಿಸಿ, "ನೀ ಯಾಕ ಇಟ್ಕಳ್ಲಿಲ್ಲ?" ಅಂದ.

ದುರುಗಪ್ಪ ಎದ್ದು ಒಳಗೆ ಹೋಗಿ ಉಳಿದ ಅಕ್ಕಿಯ ಗಂಟನ್ನು ಹೆಗಲಿಗೇರಿಸಿದ. ಕೊಡ ಹೊತ್ತು ಬಂದ ಸುಂಕಮ್ಮ, "ಎಲ್ಲಿಗೆ ಹೊಂಟಿ?" ಎಂದಳು. "ಸಾವ್ಕಾರ್ರ ಮನಿಗೆ" ಅಂದ. ಅವಳು ಗಂಟು ನೋಡಿದಳು, ಒಲೆಯ ಮೇಲಿನ ಅನ್ನ ನೋಡಿದಳು.

ಕಾಲುವೆ ಏರಿಯ ಮೇಲೆ ಬಿಸಿಲು ಚುರುಗುಟ್ಟುತ್ತಿತ್ತು. ರಾಮಾಂಜಿನಿ ಮುಂದೆ, ದುರುಗಪ್ಪ ಹಿಂದೆ.

"ಕೊಡು, ಒಂದೀಟು ದೂರ ನಾ ಹೊರ್ತೀನಿ" ಎಂದು ರಾಮಾಂಜಿನಿ ಕೈ ಚಾಚಿದ.

"ಮುಟ್ಟಬ್ಯಾಡ!" ಎಂದು ಗದರಿದ ದುರುಗಪ್ಪ. "ಇದನ್ನೂ ನೀನ ಹೊತ್ತಿ ಅಂತ ಊರಾಗ ಹೇಳ್ಕಂತ ಅಡ್ಡಾಡಾಕ?"

ಸಾವ್ಕಾರರ ಮನೆ ಕಂಡಿತು. ಜಗುಲಿಯ ಮೇಲೆ ಅವರು ಪೇಪರ್ ಓದುತ್ತಾ ಕೂತಿದ್ದರು. ರಾಮಾಂಜಿನಿಯನ್ನು ಕಂಡು ನಗುತ್ತಾ ಕೈ ಎತ್ತಿದರು. ದುರುಗಪ್ಪ ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಕಾಲು ಬಿರುಸಾಗಿ ಹಾಕಿ, ರಾಮಾಂಜಿನಿಯನ್ನು ಭುಜದಿಂದ ಪಕ್ಕಕ್ಕೆ ಸರಿಸಿ, ಅವನಿಗಿಂತ ಮೊದಲು ಮೆಟ್ಟಿಲೇರಿದ.