ಮಕ್ತುಂಬಿಯ ಗದ್ದ

“ನಿನಗ ಏನಾಗಬೇಕವ್ವಾ ಆಕಿ?” ಶವಾಗಾರದ ಕಿಟಕಿಯೊಳಗಿಂದ ಗುಮಾಸ್ತ ಮತ್ತೊಮ್ಮೆ ಕೇಳಿದ.

“ತಾಯಿರೀ,” ಎಂದಳು ಮಮತಾ. “ನಮ್ಮ ಮಂಗಳಮುಖ್ಯಾರ ರಿವಾಜಿನಂಗ ಹಾಲು ಕುಡಿಸಿ ಮಗಳು ಮಾಡ್ಕಂಡಾಳ.”

ಗುಮಾಸ್ತ ನಗಲಿಲ್ಲ, ಅದೇ ಪುಣ್ಯ. “ಹಾಲು ಕುಡಿಸಿದ್ದು ಇಲ್ಲಿ ನಡೆಯಂಗಿಲ್ಲವ್ವಾ. ರಕ್ತ ಸಂಬಂಧದವರು ಬಂದು ಸಹಿ ಮಾಡಬೇಕು. ಯಾರರ ಅದಾರೇನು?”

ಇದ್ದ. ಮಸ್ಕಿಯಲ್ಲಿ ಸತ್ತವಳ ತಮ್ಮ ಶಾವಲಿ. ಮಕ್ತುಂಸಾಬನಾಗಿ ಹುಟ್ಟಿ ಮಕ್ತುಂಬಿಯಾಗಿ ಬಾಳಿದವಳ ಹೊಸ್ತಿಲನ್ನು ವರ್ಷಾನುಗಟ್ಟಲೆ ತುಳಿಯದವನು. ಮಮತಾ ಅವನಿಗೆ ಫೋನು ಹಚ್ಚಿದಳು. ಹೆಣ ಬಿಡಿಸಿಕೊಳ್ಳಬೇಕಿತ್ತು, ಗೋರಿಗೆ ಜಾಗ ಕೇಳಲು ಆ ಮನೆತನದ ಗಂಡಸೊಬ್ಬ ಬೇಕಿತ್ತು. ಮೇಲಾಗಿ, ಒಡಹುಟ್ಟಿದವನು ಕಡೇ ಸಲ ಮುಖ ನೋಡದಿದ್ದರೆ ಹೇಗೆ ಎಂಬ ಕರುಳೂ ಮಿಡುಕಿತ್ತು. ಬರುತ್ತಾನೆ, ಸಹಿ ಹಾಕುತ್ತಾನೆ, ಕಣ್ಣೊರೆಸಿಕೊಂಡು ಹೋಗುತ್ತಾನೆ ಅಂದುಕೊಂಡಳು. ಮುಂದಿನದೆಲ್ಲ ತನ್ನ ಕೈಯಲ್ಲೇ ಇರುತ್ತದೆ ಅಂತ.

ಅವನು ಬರುವವರೆಗೆ ಬೇವಿನ ಗಿಡದ ಕೆಳಗೆ ಕೂತು ಕೈಚೀಲ ತಡವಿ ನೋಡಿದಳು. ಹಸಿರು ಬಳೆ, ಅತ್ತರಿನ ಶೀಶೆ, ಕೂದಲು ಕೀಳುವ ಚಿಮಟ. ಸಿಂಧನೂರಿನ ಅವರ ಬಾಡಿಗೆ ಕೋಣೆಯಲ್ಲಿ ದಿನಾ ಮಧ್ಯಾಹ್ನ ಅದೊಂದು ಸಂಭ್ರಮ. ಬಾಗಿಲ ಬಿಸಿಲಿಗೆ ಮುಖವೊಡ್ಡಿ ಮಕ್ತುಂಬಿ ಮಲಗುವಳು. ಗದ್ದದ ಮೇಲೆ ಚಿಗುರಿದ್ದನ್ನು ಮಮತಾ ಒಂದೊಂದಾಗಿ ಕೀಳುವಳು. “ನಿಧಾನ ಬೇ, ನೆಲ್ಲಿನ ಸಸಿ ಕೀಳಾಕತ್ತೀಯೇನು?” ಎಂದು ಬೈಯುತ್ತಲೇ ಮುದುಕಿ ಮಾತಿಗೆ ಶುರುವಿಡುವಳು. “ಗೋರಿಯೊಳಗ ಅಲ್ಲಾನ ದೂತರು, ಫರಿಶ್ತೆಗಳು ಬಂದು ಸವಾಲು ಕೇಳ್ತಾರಂತ. ಗಡ್ಡ ಬಿಟ್ಕಂಡು ನಾ ಮಕ್ತುಂಬಿ ಅಂದ್ರ ಅವರರ ನಂಬ್ತಾರೇನು? ನೀನ ಗದ್ದ ಹಸನು ಮಾಡು, ನೀನ ಮೈ ತೊಳಿ. ಗಂಡಸ್ರ ಕೈಯಾಗ ನನ್ನ ಕೊಡಬ್ಯಾಡ.”

ಆಸ್ಪತ್ರೆ ಸೇರಿದ ಮೇಲೆ ಮೂಗಿಗೂ ಬಾಯಿಗೂ ನಳಿಕೆ. ಯಾರೂ ಕೀಳಗೊಡಲಿಲ್ಲ. ಗದ್ದದ ಮೇಲೆ ಬಿಳಿ ಕೂದಲು ಬೆಳೆದುಬಿಟ್ಟಿತ್ತು.

ಶಾವಲಿ ಟಂಟಂ ಆಟೋ ಮಾಡಿಕೊಂಡು ಬಂದ. ಜೊತೆಗೆ ಇಬ್ಬರು ಹಿರಿಯರು. ಮಕ್ತುಂಬಿಯದೇ ಎತ್ತರ, ಅವಳದೇ ಮೂಗು. ಮಮತಾ ಎದ್ದು ಎದುರಿಗೆ ಹೋದಳು.

“ಮಾಮಾ, ಮೈ ತೊಳಿಯೂದು ನಾ ಮಾಡ್ತೀನ್ರೀ. ಅಮ್ಮ ಹೇಳ್ಯಾಳ.”

“ಯಾರಿಗೆ ಮಾಮಾ ಅಂತಿ?” ಶಾವಲಿ ಹಿರಿಯರ ಕಡೆ ನೋಡಿ ದನಿ ಇಳಿಸಿದ. “ಅಂವ ನಮ್ಮಣ್ಣ. ಗಂಡಸ್ರಿಗೆ ಗಂಡಸ್ರ ಗುಸುಲ್ ಮಾಡಸ್ತಾರ.”

ಮಮತಾ ಮಕ್ತುಂಬಿಯ ಗುರುತಿನ ಕಾರ್ಡು ತೆಗೆದಳು. ಲಿಂಗಸುಗೂರಿನ ಶಿಬಿರದಲ್ಲಿ ಇಡೀ ದಿನ ಸಾಲು ನಿಂತು ಅರ್ಜಿ ಹಾಕಿ ಪಡೆದದ್ದು. ಮಕ್ತುಂಬಿ ಅದನ್ನು ತಾಯಿತದ ಹಾಗೆ ಕೊರಳಿಗೆ ಕಟ್ಟಿಕೊಂಡು ತಿರುಗುತ್ತಿದ್ದಳು. ಬಸ್ಸಿನಲ್ಲಿ ಯಾರಾದರೂ ಕಿಸಕ್ಕೆಂದರೆ ಮುಖಕ್ಕೇ ಹಿಡಿಯುವಳು: “ಸರಕಾರನ ನನ್ನ ಹೆಸರು ಬರದುಕೊಟ್ಟೈತಿ, ನಿಂದೇನಲೇ ತಕರಾರು?”

ಶಾವಲಿ ಕಾರ್ಡಿನ ಮೇಲಿನ ಫೋಟೋ ಬಹಳ ಹೊತ್ತು ನೋಡಿದ. “ಇದು ಬದುಕಿದ್ದಾಗಿಂದು,” ಎಂದು ಹಿಂದಕ್ಕೆ ಕೊಟ್ಟ. “ನಾ ಇನ್ನ ಅದ ಓಣಿಯಾಗ ಇರಬೇಕಲ್ಲವಾ. ಮನ್ಯಾಗ ಹೆಣ್ಮಕ್ಳು ಲಗ್ನಕ್ಕ ಬಂದಾರ. ಮಾಫ್ ಮಾಡು.”

ಬೈದಿದ್ದರೆ ಮಮತಾ ಚಪ್ಪಾಳೆ ತಟ್ಟಿ ಮಂದಿ ಕೂಡಿಸುತ್ತಿದ್ದಳು. ಮಾಫಿ ಕೇಳುವವನಿಗೆ ಏನು ಮಾಡುವುದು? ಕಿಟಕಿಗೆ ಓಡಿದಳು. “ಸರ್, ಕಾರ್ಡ್ ಐತಲ್ರೀ!”

“ಆಕಿ ಯಾರು ಅಂತ ಐತವ್ವಾ ಅದರಾಗ. ಆಕಿಗೆ ಯಾರು ಅದಾರ ಅಂತ ಇಲ್ಲ,” ಗುಮಾಸ್ತ ನೊಂದೇ ಹೇಳಿದ. ಶಾವಲಿ ಸಹಿ ಹಾಕಿದ. ಒಂದು ಗಳಿಗೆ ಗದ್ದ ಮುಟ್ಟಿ ಬರುತ್ತೇನೆಂದು ಮಮತಾ ಅಂಗಲಾಚುತ್ತಿರುವಾಗಲೇ ಟಂಟಂ ಗೇಟು ದಾಟಿತು.

ಬಸ್ಸು ಹಿಡಿದು ಮಸ್ಕಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪರದೆ ಕಟ್ಟಿ ಗಂಡಸರು ಮೈ ತೊಳೆದು, ಬಿಳಿ ಬಟ್ಟೆ ಸುತ್ತಿ, ಹೆಗಲ ಮೇಲೆ ಎತ್ತಿದ್ದರು. ಸೆರಗು ಹೊದ್ದು ಮಮತಾ ಹಿಂದೆ ಹಿಂದೆ ನಡೆದಳು. ಯಾರೂ ತಿರುಗಿ ನೋಡಲಿಲ್ಲ. ಕಬರಸ್ತಾನದ ಗೇಟಿನಲ್ಲಿ ಮಾತ್ರ ಮುದುಕರೊಬ್ಬರು ಕೈ ಅಡ್ಡ ಮಾಡಿದರು.

“ಎಲ್ಲಿಗೆ ತಂಗೀ? ಹೆಣ್ಮಕ್ಳು ಒಳಗ ಬರಂಗಿಲ್ಲವಾ.”

ಗದರಿಕೆಯ ಧಾಟಿಯಲ್ಲ. ಸ್ವಂತ ಸೊಸೆಗೆ ಹೇಳುವ ಹಾಗೆ, ಮೆತ್ತಗೆ. ಮಮತಾ ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹಿಂದೆ ಸರಿದಳು.

ಗೋಡೆಯ ಆಚೆ ಯಾರೋ “ಮಕ್ತುಂಸಾಬ” ಅಂದದ್ದು ಕೇಳಿಸಿತು. ಆಮೇಲೆ ಮಣ್ಣು ಬೀಳುವ ಸದ್ದು.

ಅವಳು ಗೇಟಿನ ಕಲ್ಲಿನ ಮೇಲೆ ಕೂತು ಮುಷ್ಟಿ ಬಿಚ್ಚಿದಳು. ಬಸ್ಸಿನಲ್ಲಿ ಹಿಡಿದಿದ್ದ ಚಿಮಟ ಅಂಗೈಯಲ್ಲಿ ಅಚ್ಚೊತ್ತಿತ್ತು. ಅದರ ತುದಿಗೆ, ಆಸ್ಪತ್ರೆಗೆ ಹೊರಟ ದಿನ ಕಿತ್ತದ್ದಿರಬೇಕು, ಒಂದು ಗಿಡ್ಡ ಬಿಳಿ ಕೂದಲು ಅಂಟಿಕೊಂಡಿತ್ತು. ಕಾಲುವೆ ಕಡೆಯಿಂದ ಗಾಳಿ ಎದ್ದಿತು. ಮಮತಾ ಇನ್ನೊಂದು ಕೈ ಅಡ್ಡ ಹಿಡಿದಳು.