ಬೇವಿನ ನೆರಳಿನ ಜಾಗ

ಉಡಿದಾರದ ಗಂಟು ಬಿಚ್ಚಲೊಲ್ಲದು. ಹನಮಂತವ್ವ ಗಂಡನ ಸೊಂಟದ ಹತ್ತಿರ ಬಗ್ಗಿ ಮೊದಲು ಉಗುರಿನಿಂದ, ಆಮೇಲೆ ಹಲ್ಲಿನಿಂದ ಎಳೆದಳು. ಹೊಳೆಯಪ್ಪ ಗೋಡೆಗೆ ಒರಗಿ ಕೂತಿದ್ದ. ಕೂತಿದ್ದ ಎಂದರೆ, ಕೂರಿಸಿದ್ದರು. ನಸುಕಿನಲ್ಲಿ ನೀರು ಕೇಳಿದವನು ಆಕೆ ತಂಬಿಗೆ ತರುವಷ್ಟರಲ್ಲಿ ಹೋಗಿಬಿಟ್ಟಿದ್ದ. ಈಗ ಹಣೆಗೆ ವಿಭೂತಿ ಹಚ್ಚಿ, ಗದ್ದ ಜೋಲದಂತೆ ಬಟ್ಟೆ ಕಟ್ಟಿ, ಎದುರಿಗೆ ಭಜನೆಯವರಿಗೆ ಚಾಪೆ ಹಾಸಿದ್ದರು. ಬಾಗಿಲಲ್ಲಿ ಬೋಟಿನ ಕಂಪನಿಯ ಪರಶುರಾಮ ನಿಂತಿದ್ದ. ಚಪ್ಪಲಿ ಕಳಚಿದ್ದ, ಅಷ್ಟರ ಮಟ್ಟಿಗೆ ಮರ್ಯಾದಸ್ಥ.

“ಅವಸರೇನಿಲ್ರಿ ಯಕ್ಕಾ,” ಅಂದ. “ಗದಗಿನಿಂದ ಗೆಸ್ಟ್ ಮಂದಿ ಬಂದು ಕುಂತಾರ. ಬೋಟಿನ ಚಾವಿ ಇದೊಂದ ಐತಿ ನೋಡ್ರಿ.”

“ಸತ್ತವನ ಮೈಯಾಗಿಂದ ಚಾವಿ ಬಿಚ್ಚಸಾಕ ಬಂದಾನ,” ಎಂದು ಮೂಲೆಯಲ್ಲಿದ್ದ ಹೊಳೆಯಪ್ಪನ ಅಕ್ಕ ಮುತ್ತವ್ವ ಎಲ್ಲರಿಗೂ ಕೇಳುವಂತೆ ಅಂದಳು. “ಇನ್ನ ಸ್ವಲ್ಪ ಹೊತ್ತು ಬಿಟ್ರ ಅವನ್ನ ಎಬ್ಬಿಸಿ ಬೋಟು ನಡಸು ಅಂತಾರ.”

ಪರಶುರಾಮ ನೆಲ ನೋಡಿದ. ಹನಮಂತವ್ವ ಚಾವಿ ಬಿಚ್ಚಿ ಕೊಟ್ಟಳು. ಹೊಳೆಯಪ್ಪನಿಗೆ ಬದುಕಿನಲ್ಲಿ ಇದ್ದದ್ದು ಒಂದೇ ನೇಮ, ದಂಡೆಯ ಮೇಲೆ ನಿಂತವರನ್ನು ಕಾಯಿಸಬಾರದು. ಉಣ್ಣಲು ಕೂತಾಗ ಆಚೆ ದಂಡೆಯಿಂದ ಕೂಗು ಬಂದರೆ ಕೈಯ ತುತ್ತನ್ನು ಗಂಗಾಳಕ್ಕೆ ಬಿಟ್ಟು ಎದ್ದುಬಿಡುತ್ತಿದ್ದ. ಅವನ ನೇಮ ಅವನು ಸತ್ತ ದಿನವೇ ಮುರಿಯುವುದು ಬೇಡ ಎಂದು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ, ಆ ಚಾವಿಯನ್ನು ಹೊಳೆಗೆ ಎಸೆಯಬೇಕಿತ್ತು ಅನ್ನಿಸಿತು.

ಮುಂಡರಗಿ ಸೀಮೆಯ ಆ ಊರಿನಲ್ಲಿ ಅಂಬಿಗರ ಓಣಿಯ ಗಂಡಸರನ್ನು ಮಣ್ಣು ಮಾಡುವುದು ಹೊಳೆಯ ನಡುಗಡ್ಡೆಯಲ್ಲಿ, ಅಲ್ಲಿರುವ ಒಂದೇ ಒಂದು ಬೇವಿನ ಮರದ ಕೆಳಗೆ. ಸತ್ತವನ ಹುಟ್ಟನ್ನು, ಅವನು ಜನ್ಮವೆಲ್ಲ ಹರಗೋಲು ನಡೆಸಿದ ಆ ಹಲಗೆಯನ್ನು, ತಲೆಯ ಕಡೆ ನೆಡುತ್ತಾರೆ. ಹೆಂಗಸರು ಆ ನಡುಗಡ್ಡೆಗೆ ದಾಟುವಂತಿಲ್ಲ. ದಂಡೆಯಲ್ಲೇ ನಿಂತು ಹಿಡಿ ಮಣ್ಣನ್ನು ಬಟ್ಟೆಯಲ್ಲಿ ಕಟ್ಟಿ ಕಳಿಸುತ್ತಾರೆ. ಹೀಗಾಗಿ ಅಂಬಿಗನ ಹೆಂಡತಿಯಾಗಿ ಕೂದಲು ಬೆಳ್ಳಗಾದರೂ ಹನಮಂತವ್ವ ಆ ನಡುಗಡ್ಡೆಗೆ ಕಾಲಿಟ್ಟಿರಲಿಲ್ಲ.

ಕುಣಿ ತೋಡಲು ಹೋಗಿದ್ದ ಮೈದುನ ತಿರಕಪ್ಪ ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ತಿರುಗಿ ಬಂದ. ಸಲಿಕೆಗೆ ಮಣ್ಣು ಹತ್ತಿರಲಿಲ್ಲ.

“ಕುಣಿ ಆತೇನೋ?” ಎಂದು ಮುತ್ತವ್ವ ಕೇಳಿದಳು.

“ಇಲ್ಲ ಯಕ್ಕಾ. ಕಡ್ಯಾಕ ಬಿಡವಲ್ರು. ಗೆಸ್ಟ್ ಮಂದಿದು ಅಲ್ಲೇ ಊಟ ನಡದೈತಿ. ಊಟ ಆದಮ್ಯಾಲೆ ಮತ್ತ ಈಜಾಡತಾರಂತ. ಸಂಜಿಮುಂದ ಬೋಟು ಹೋಗತೈತಿ, ಆಮ್ಯಾಲೆ ನಿಮ್ಮ ಕೆಲಸ ಮಾಡ್ಕೋರಿ ಅಂದ್ರು ಸೋಮೇಶ ಸಾವ್ಕಾರ್ರು.” ತಿರಕಪ್ಪ ಸಲಿಕೆಯನ್ನು ಗೋಡೆಗೆ ಒರಗಿಸಿದ. “ಅಲ್ಲೀತನಕಾ ಕುಂದರೂದಿದ್ರ ಎಲ್ಲಾರೂ ಬಂದು ಊಟ ಮಾಡ್ರಿ, ಕೋಳಿ ಭಾಳ ಐತಿ ಅಂದ್ರು.”

ಭಜನೆಯ ತಾಳ ನಿಂತಿತು. ಹೆಣ ಮನೆಯಲ್ಲಿರುವಾಗ ಒಲೆ ಹಚ್ಚುವುದಿಲ್ಲ ಎಂಬುದು ಬೋಟಿನ ಕಂಪನಿಯ ಮಾಲೀಕ ಸೋಮೇಶನಿಗೆ ಗೊತ್ತಿಲ್ಲದ್ದೇನಲ್ಲ. ಲಕ್ಷ್ಮೇಶ್ವರದ ಕಾಳಿನ ಅಂಗಡಿಯ ಮನೆತನ. ಅವನ ಮನೆಯಲ್ಲೂ ಮುದುಕರು ಸತ್ತಿದ್ದಾರೆ.

“ಯಾವ ಜಾಗದಾಗ ನಡದೈತಿ ಊಟ?” ಎಂದು ಹನಮಂತವ್ವ ಕೇಳಿದಳು. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು.

ತಿರಕಪ್ಪ ಸಲಿಕೆಯ ಕಡೆ ನೋಡಿದ. “ಅಲ್ಲಿ ನೆರಳಿರೂದ ಅದೊಂದ ಅಲ್ಲೇನ್ ವೈನಿ.”

“ಅಂದ್ರ?”

“ಅಪ್ಪನ್ನ ಇಟ್ಟಲ್ಲೇ.”

*

ಸೇತುವೆ ಆಗುವ ಮೊದಲು ಆಚೆ ದಂಡೆಯ ಊರುಗಳಿಗೆ ಹೊಳೆಯಪ್ಪನ ಹರಗೋಲೇ ದಾರಿ. ಸೂಲಗಿತ್ತಿ, ಮದುವಣಗಿತ್ತಿ, ಹೋರಿ ಮಾರುವವರು, ಸಂತೆಯ ಮೆಣಸಿನಕಾಯಿ, ಜಗಳ ಮಾಡಿ ತವರಿಗೆ ಹೊರಟವರು, ಎರಡು ದಿನ ಬಿಟ್ಟು ಅದೇ ಮುಖದಲ್ಲಿ ತಿರುಗಿ ಬಂದವರು, ಎಲ್ಲರನ್ನೂ ದಾಟಿಸಿದ್ದ. ಯಾರ ಜಗಳವನ್ನೂ ಈ ದಂಡೆಯಿಂದ ಆ ದಂಡೆಗೆ ಒಯ್ದವನಲ್ಲ.

ಶ್ರೀಪಾದ ಮಾಸ್ತರರು ಆಚೆ ದಂಡೆಯ ಶಾಲೆಗೆ ವರ್ಗವಾಗಿ ಬಂದಾಗ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ನೀರೆಂದರೆ ಪ್ರಾಣಭಯ. ಮೊದಲ ದಿನ ಹರಗೋಲು ತಿರುಗಿದ್ದೇ ತಡ, ಎರಡೂ ಕೈಯಿಂದ ಅಂಚು ಹಿಡಿದು ಕಣ್ಣು ಮುಚ್ಚಿಕೊಂಡರು. ಹೊಳೆಯಪ್ಪ ನಗಲಿಲ್ಲ. ಚೀಲದ ಮೇಲೆ ಅವರನ್ನು ತನ್ನ ಎದುರಿಗೆ ಕೂರಿಸಿಕೊಂಡು, “ನೀರು ನೋಡಬ್ಯಾಡ್ರಿ ಮಾಸ್ತರ್ರ. ನನ್ನ ಮಾರಿ ನೋಡ್ರಿ,” ಅಂದ. ಆಮೇಲೆ ಹೋಗುತ್ತ ಬರುತ್ತ ಅದೇ ನಡೆಯಿತು. ಮಾಸ್ತರರಿಗೆ ಅವನ ಮುಖದ ಮೇಲಿನ ಸಿಡುಬಿನ ಕಲೆಗಳೆಲ್ಲ ಬಾಯಿಪಾಠವಾಗಿದ್ದವು.

ಸೇತುವೆ ಆದ ಮರುದಿನವೂ ಹೊಳೆಯಪ್ಪ ದಂಡೆಗೆ ಹೋಗಿ ಕೂತ. ಯಾರೂ ಕೂಗಲಿಲ್ಲ. ಸಂಜೆ ಬಂದು ಹುಟ್ಟನ್ನು ಗೋಡೆಯ ಗೂಟಕ್ಕೆ ಸಿಕ್ಕಿಸಿ, “ಛಲೋ ಆತು ಬಿಡು, ಮಳಿಗಾಲದಾಗ ಮಂದಿಗೆ ತ್ರಾಸ ತಪ್ಪಿತು,” ಅಂದ. ಆ ರಾತ್ರಿ ಒಂದು ರೊಟ್ಟಿಯನ್ನೂ ಪೂರ್ತಿ ತಿನ್ನಲಿಲ್ಲ.

*

“ಎತ್ತರಿ,” ಅಂದಳು ಹನಮಂತವ್ವ.

“ಸಂಜಿತನಕಾ...” ಎಂದು ಯಾರೋ ಬಾಯಿ ತೆರೆದರು.

“ಎತ್ತರಿ ಅಂದೆ. ಅವರ ಊಟ ಮುಗಿಲಿ ಅಂತ ನನ್ನ ಗಂಡ ಕಾಯೂದಿಲ್ಲ. ಇರೂತನಕಾ ಕಾದಾನಲ್ಲ, ಸಾಕು.”

ದಂಡೆಯಲ್ಲಿ ಹರಗೋಲು ಸಿದ್ಧವಿತ್ತು. ಅಂಬಿಗನ ಕೊನೆಯ ದಾಟುವಿಕೆಗೆ ಮನೆಯವರು ಹುಟ್ಟು ಹಿಡಿಯುವಂತಿಲ್ಲ. ಅವನು ದಾಟಿಸಿದವರೇ ಅವನನ್ನು ದಾಟಿಸಬೇಕು. ಸುದ್ದಿ ಕೇಳಿ ಮುಂಡರಗಿಯಿಂದ ಆಟೋ ಮಾಡಿಕೊಂಡು ಬಂದಿದ್ದ ಶ್ರೀಪಾದ ಮಾಸ್ತರರು ಕೋಲನ್ನು ಪಕ್ಕಕ್ಕಿಟ್ಟು, ಧೋತರದ ಕಚ್ಚೆ ಬಿಗಿಮಾಡಿ ಮುಂದೆ ಬಂದರು.

“ಮಾಸ್ತರ್ರ, ನಿಮಗ ಆಗೂದಿಲ್ರಿ. ಬ್ಯಾರೆದವರು ಅದಾರ,” ಅಂದ ತಿರಕಪ್ಪ.

“ಬ್ಯಾರೆದವರು ಆಮೇಲೆ ಹಿಡೀಲಿ. ಮೊದಲು ನಂದದ,” ಅಂದರು ಮಾಸ್ತರರು. ಹೊಳೆಯಪ್ಪನನ್ನು ಅವರ ಎದುರಿಗೇ ಕೂರಿಸಿದರು.

ಮುತ್ತವ್ವ ಹಿಡಿ ಮಣ್ಣು ಕಟ್ಟಲು ಬಿಳಿ ಬಟ್ಟೆ ಹಾಸಿದಳು. ಹನಮಂತವ್ವ ಅದನ್ನು ದಾಟಿ ನೀರಿಗಿಳಿದು ಹರಗೋಲಿಗೆ ಕಾಲಿಟ್ಟಳು.

“ಹನಮಂತಿ, ಹೆಣ್ಣಮಕ್ಕಳು ದಾಟಂಗಿಲ್ಲ.”

“ದಾಟಲಾರದ್ದಕ್ಕ ಇಷ್ಟ ಆಗೇತಿ ಯಕ್ಕಾ. ನಾವು ಒಬ್ಬರರ ಹೋಗಿ ನೋಡಿದ್ರ ಅಲ್ಲಿ ಒಲಿ ಹೂಡತಿದ್ರೇನು?”

ಮುತ್ತವ್ವ ಹಾಸಿದ ಬಟ್ಟೆ ಮಡಚಿಕೊಂಡಳು. ಮಾಸ್ತರರು ನೀರು ನೋಡಲಿಲ್ಲ. ಹೊಳೆಯಪ್ಪನ ಮುಖ ನೋಡುತ್ತ ಹುಟ್ಟು ಹಾಕಿದರು.

*

ಹೋದ ಬೇಸಿಗೆಯಲ್ಲಿ ಸೋಮೇಶ ಬಂದಿದ್ದ. ಹಿಂದಿನ ಗಾಡಿಯಲ್ಲಿ ನೀರಿನಲ್ಲಿ ಮುಳುಗದಂತೆ ತೊಡುವ ಕಿತ್ತಳೆ ಬಣ್ಣದ ಜಾಕೀಟುಗಳ ರಾಶಿ. ರವಿವಾರ ಬೆಳಿಗ್ಗೆ ಗೆಸ್ಟ್ ಮಂದಿಯನ್ನು ಬೋಟಿನಲ್ಲಿ ಕರೆದುಕೊಂಡು ಹೊರಟು, ಮರಳದಂಡೆಯಲ್ಲಿ ಒಂದು ಈಜು, ನಡುಗಡ್ಡೆಯಲ್ಲಿ ಇನ್ನೊಂದು ಈಜು, ಕೆಂಡದ ಮೇಲೆ ಸುಟ್ಟ ಕೋಳಿ-ಮೀನಿನ ಊಟ, ಸಂಜೆಗೆ ವಾಪಸ್ಸು. ಹೊಳೆಯ ಗುಣ ಬಲ್ಲವನೊಬ್ಬ ಬೇಕಾಗಿತ್ತು. ಇಂಜಿನ್ ಬೋಟು ನಡೆಸಲು ಹೊಳೆಯಪ್ಪ ಒಪ್ಪಿದ. ಮತ್ತೆ ನೀರಿನ ಮೇಲೆ ಇರಬಹುದಲ್ಲ, ಅವನಿಗೆ ಅಷ್ಟೇ ಸಾಕಿತ್ತು. ಜಾಕೀಟು ಹಾಕಿಕೊಳ್ಳಲು ಮಾತ್ರ ನಾಚಿಕೊಂಡ. “ಇದನ್ನ ಹಾಕ್ಕೊಂಡ್ರ ಹೊಳಿ ನಗತೈತಿ,” ಅಂದ.

ಮೊದಮೊದಲು ಬಂದು ಗೆಸ್ಟ್ ಮಂದಿಯ ಸುದ್ದಿ ಹೇಳಿ ನಗಿಸುತ್ತಿದ್ದ. ಮೊಣಕಾಲು ನೀರಿನಲ್ಲಿ ನಿಂತು ಮುಳುಗಿದೆನೆಂದು ಕೂಗಿದವರು, ಕನ್ನಡಕ ಹಾಕಿಕೊಂಡೇ ಮುಳುಗು ಹೊಡೆದವರು. ಆಮೇಲೆ ಸುದ್ದಿ ನಿಂತಿತು. ಬುತ್ತಿಯ ಗಂಟು ಹೇಗೆ ಕಟ್ಟಿ ಕೊಟ್ಟಿದ್ದಳೋ ಹಾಗೆಯೇ ತಿರುಗಿ ಬರತೊಡಗಿತು. ಬಿಚ್ಚಿದರೆ ರೊಟ್ಟಿ ಒಣಗಿ ಸೆಟೆದಿರುತ್ತಿದ್ದವು, ಚಟ್ನಿ ಮುಟ್ಟಿರುತ್ತಿರಲಿಲ್ಲ.

“ಅವರ ಕೋಳಿ ರುಚಿ ಹತ್ತೈತಿ. ಇನ್ನ ನನ್ನ ರೊಟ್ಟಿ ಗಂಟಲದಾಗ ಇಳೀತಾವೇನು?” ಎಂದು ಆಕೆ ಹರಿಹಾಯ್ದಿದ್ದಳು.

“ಹಂಗಲ್ಲ. ಅಲ್ಲಿ ತುತ್ತು ಇಳಿಯೂದಿಲ್ಲ,” ಅಂದಿದ್ದ. ಒಲೆಯ ಮುಂದೆ ಕೂತು ಅದೇ ಒಣ ರೊಟ್ಟಿ ಮುರಿದು ತಿಂದಿದ್ದ. ಯಾಕೆ ಇಳಿಯುವುದಿಲ್ಲ ಎಂದು ಆಕೆ ಕೇಳಲಿಲ್ಲ. ಸಿಟ್ಟಿನಲ್ಲಿದ್ದಳು.

*

ನಡುಗಡ್ಡೆಯಿಂದ ಹಾಡು ಕೇಳುತ್ತಿತ್ತು. ಗಾಳಿ ತುಂಬಿದ ರಬ್ಬರ್ ಬಳೆಗಳ ಮೇಲೆ ಹುಡುಗರು ತೇಲುತ್ತಿದ್ದರು. ಚಡ್ಡಿಯ ಮೇಲಿದ್ದ ಗಂಡಸರು ಪ್ಲೇಟು ಹಿಡಿದು ನೀರಿನಲ್ಲೇ ನಿಂತು ಉಣ್ಣುತ್ತಿದ್ದರು. ವಿಭೂತಿ ಹಚ್ಚಿಕೊಂಡು ಕೂತ ಹೊಳೆಯಪ್ಪ ಹರಗೋಲಿನಲ್ಲಿ ಮೆಲ್ಲಗೆ ತಿರುಗುತ್ತ ತಿರುಗುತ್ತ ಅವರ ನಡುವೆ ಬಂದ. ಹಾಡನ್ನು ಯಾರೋ ನಿಲ್ಲಿಸಿದರು.

ಹನಮಂತವ್ವನಿಗೆ ಮೊದಲು ಕಂಡದ್ದು ಹುಟ್ಟುಗಳು. ಓಣಿಯ ಹಿರಿಯರ ತಲೆಯ ಕಡೆ ನೆಟ್ಟ ಹುಟ್ಟುಗಳಿಗೆ ಬಣ್ಣ ಬಳಿದು ಹಲಗೆ ಹೊಡೆದಿದ್ದರು. ಒಂದರ ಮೇಲೆ ‘ಈಜುವ ಜಾಗ’. ಇನ್ನೊಂದರ ಮೇಲೆ ‘ಊಟ’. ಹಿಡಿಕೆಗೆ ತಾಮ್ರದ ಪಟ್ಟಿ ಸುತ್ತಿದ ಮಾವನ ಹುಟ್ಟನ್ನು ಆಕೆ ದೂರದಿಂದಲೇ ಗುರುತು ಹಿಡಿದಳು. ಆ ಪಟ್ಟಿಯನ್ನು ಮದುವೆಯಾದ ಹೊಸದರಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕಿದವಳು ಆಕೆಯೇ. ಅದರ ಮೇಲೆ ಬಾಣದ ಗುರುತು ಹಾಕಿ ‘ಶೌಚಾಲಯ’ ಎಂದು ಬರೆದಿದ್ದರು.

ಬೇವಿನ ಕೆಳಗೆ ಒಲೆ. ಅದಕ್ಕೆ ಮೂರೂ ಕಡೆ ಗೋರಿಯ ಕಲ್ಲುಗಳು. ಮೇಲೆ ಕಬ್ಬಿಣದ ಜಾಳಿಗೆ, ಜಾಳಿಗೆಯ ಮೇಲೆ ಕೋಳಿ. ಕೊಬ್ಬು ತೊಟ್ಟಿಕ್ಕಿ ಕೆಂಡ ಚುರ್ರೆನ್ನುತ್ತಿತ್ತು.

ತುತ್ತು ಯಾಕೆ ಇಳಿಯುತ್ತಿರಲಿಲ್ಲ ಎಂದು ಆಕೆಗೆ ಆಗ ತಿಳಿಯಿತು. ಅಪ್ಪನ ಎದೆಯ ಮೇಲೆ ಹಚ್ಚಿದ ಒಲೆಯನ್ನು ನೋಡುತ್ತ ಅವನು ಬುತ್ತಿ ತೊಡೆಯ ಮೇಲಿಟ್ಟುಕೊಂಡು ಕೂತಿರಬೇಕು, ಆ ಕಿತ್ತಳೆ ಜಾಕೀಟು ಹಾಕಿಕೊಂಡು. ತಾನು ಮನೆಯಲ್ಲಿ ಕೋಳಿಯ ಮಾತಾಡಿದ್ದಳು. ಆಕೆಗೆ ಸೋಮೇಶನ ಮೇಲೆ ಬಂದಷ್ಟೇ ಸಿಟ್ಟು ಗಂಡನ ಮೇಲೂ ಬಂತು. ಒಂದು ಮಾತು ಹೇಳಿದ್ದರೆ ಅಂದೇ ಬಂದು ಆ ಜಾಳಿಗೆಯನ್ನು ಹೊಳೆಗೆ ಚೆಲ್ಲುತ್ತಿದ್ದಳು.

ಸೋಮೇಶ ಬಿಳಿ ಬೂಟು ಹಾಕಿಕೊಂಡು ಇಳಿದು ಬಂದ. “ಅವ್ವಾರ, ಹೇಳಿ ಕಳಿಸಿದ್ನೆಲ್ರಿ. ಮಂದಿ ದೂರದಿಂದ ಬಂದಾರ. ಸಣ್ಣ ಹುಡುಗರು ಅದಾವು, ಹೆಣಾ ನೋಡಿ ಅಂಜತಾವು.”

“ಹುಡುಗರು ಅಂಜಿಲ್ಲ ಸಾವ್ಕಾರ್ರ. ಅಂಜಿದವರು ನೀವು. ಆ ಒಲಿ ತಗೀರಿ.”

“ಈ ಜಾಗ ನಮಗ ಬರದು ಕೊಟ್ಟಾರ್ರಿ.”

“ಯಾರು ಬರದು ಕೊಟ್ರು? ಇಲ್ಲಿ ಮಲಗಿದವರು ಕೊಟ್ರೇನು?”

ಸೋಮೇಶ ದನಿ ತಗ್ಗಿಸಿದ. “ಹೊಳೆಯಪ್ಪ ನಮ್ಮ ಕೂಡ ಇದ್ದಾವ್ರಿ. ಒಂದ ದಿವಸಾನೂ ತಕರಾರು ತಗೀಲಿಲ್ಲ.”

“ತಗದಿದ್ದ,” ಅಂದ ತಿರಕಪ್ಪ. ಎಲ್ಲರೂ ಅವನ ಕಡೆ ತಿರುಗಿದರು. “ನನ್ನ ಮುಂದ ಕೈ ಮುಗದು ಹೇಳಿದ್ದ, ಒಲಿ ಅತ್ತಾಗ ಹೂಡ್ರಿ ಅಂತ. ಗೆಸ್ಟ್ ಮಂದಿಗೆ ನೆರಳು ಬೇಕಲ್ಲೋ ಹೊಳೆಯಪ್ಪ, ಅಂದ್ರಿ ನೀವು.”

“ನಿನಗೂ ಗೊತ್ತಿತ್ತು,” ಅಂದಳು ಹನಮಂತವ್ವ.

“ವೈನಿಗೆ ಹೇಳಬ್ಯಾಡ, ಆಕಿ ಸುಮ್ಮನಿರೂದಿಲ್ಲ ಅಂದಿದ್ದ,” ಎಂದು ತಿರಕಪ್ಪ ತಲೆ ತಗ್ಗಿಸಿದ.

ಒಲೆಯ ಹತ್ತಿರ ಕೋಳಿ ತಿರುವುತ್ತಿದ್ದ ಲಕ್ಷ್ಮೇಶ್ವರದ ಅಡಿಗೆಯಾಕೆ ಕೈನಾತ ಇಕ್ಕಳ ಹಿಡಿದೇ ಇತ್ತ ತಿರುಗಿದಳು. “ಇದು ಗೋರಿ ಏನ್ರಿ?” ಎಂದು ಸೋಮೇಶನನ್ನು ಕೇಳಿದಳು. ಅವನು ಗೆಸ್ಟ್ ಮಂದಿಯ ಕಡೆ ನೋಡಿದ. ಆಕೆ ಜಾಳಿಗೆ ಎತ್ತಿ ಮರಳಿನ ಮೇಲಿಟ್ಟು, ಕೆಂಡಗಳನ್ನು ಇಕ್ಕಳದಿಂದ ಒಂದೊಂದಾಗಿ ಬಕೆಟ್ಟಿಗೆ ಹಾಕತೊಡಗಿದಳು. “ನನಗ ಯಾರೂ ಹೇಳಲಿಲ್ಲ ಅವ್ವಾ,” ಅಂದಳು.

ಮಾವನ ಮಗ್ಗುಲಿಗೆ ಕುಣಿ ತೋಡಿದರು. ಹೊಳೆಯಪ್ಪನನ್ನು ಹೊಳೆಯ ಕಡೆ ಮುಖ ಮಾಡಿ ಇಳಿಸಿದರು. ಮಾಸ್ತರರು ತಮ್ಮ ಕೈಯಲ್ಲಿದ್ದ ಹುಟ್ಟನ್ನು ತಲೆಯ ಕಡೆ ಊರಿ, ಅದನ್ನು ಹಿಡಿದುಕೊಂಡೇ ನಿಂತರು. ತಿರಕಪ್ಪ ಮಣ್ಣು ಎಳೆಯಲು ಸಲಿಕೆ ಎತ್ತಿದ.

“ನಿಂದರು,” ಅಂದಳು ಹನಮಂತವ್ವ.

ಹಿಡಿ ಮಣ್ಣು ತೆಗೆದುಕೊಳ್ಳಲು ಬಗ್ಗಿದವಳಿಗೆ ಒಲೆಯ ಮಗ್ಗುಲಿನ ಮಣ್ಣು ಇನ್ನೂ ಬಿಸಿ ಹತ್ತಿತು. ಬೊಗಸೆಯಲ್ಲಿ ಇದ್ದಿಲ ಚೂರು, ಹಿಂಡಿದ ನಿಂಬೆಯ ಸಿಪ್ಪೆ, ಚೀಪಿ ಬಿಟ್ಟ ಎಲುಬು ಬಂದವು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣಿನ ಗುಡ್ಡೆಯ ಎದುರಿಗೆ ಕಾಲು ಚಾಚಿ ಕೂತಳು. ಮನೆಯಲ್ಲಿ ಜೋಳ ಹಸನು ಮಾಡುವಂತೆ ಒಂದೊಂದು ಹಿಡಿ ಎತ್ತಿ, ಅಂಗೈಯಲ್ಲಿ ಹರವಿ, ಎಲುಬು ಆರಿಸಿ ಪಕ್ಕಕ್ಕೆಸೆದು, ಹಸನಾದ ಮಣ್ಣನ್ನಷ್ಟೇ ಕುಣಿಗೆ ಬಿಟ್ಟಳು.

“ಅವ್ವಾರ,” ಅಂದ ಸೋಮೇಶ, “ಜರಾ ಜಲ್ದಿ ಆದ್ರ... ಮಂದಿ ಕಾಯಾಕ ಹತ್ಯಾರ.”

ಆಕೆ ತಲೆ ಎತ್ತಲಿಲ್ಲ. ಹುಡುಗರು ನೀರಿನಿಂದ ಮೇಲೆ ಬಂದು ಟವೆಲ್ ಸುತ್ತಿಕೊಂಡು ಬಿಸಿಲಿನಲ್ಲಿ ನಿಂತರು. ದೊಡ್ಡವರು ಅರ್ಧ ಉಂಡ ಪ್ಲೇಟುಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದಿದ್ದರು. ಬೇವಿನ ನೆರಳಿಗೆ ಯಾರೂ ಬರಲಿಲ್ಲ. ಬಿಳಿ ಬೂಟುಗಳ ಮುಂದೆ ಎಲುಬಿನ ಗುಪ್ಪೆ ಬೆಳೆಯುತ್ತಿತ್ತು. ಹನಮಂತವ್ವ ಇನ್ನೊಂದು ಹಿಡಿ ಮಣ್ಣು ತೆಗೆದು, ಬೆಳಕಿಗೆ ಹಿಡಿದು ನೋಡಿದಳು.